ಊರಿನ ತಂಡ ಯಾರ ಸ್ವತ್ತು? ಅಮೆರಿಕದ ಸಣ್ಣ ನಗರಗಳ ಸ್ವತಂತ್ರ ಬೇಸ್‌ಬಾಲ್

ಬೇಸ್‌ಬಾಲ್ ಎಂದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ನ್ಯೂಯಾರ್ಕ್, ಬಾಸ್ಟನ್, ಷಿಕಾಗೋದಂಥ ಮಹಾನಗರಗಳ ಹೆಸರು. ಅಲ್ಲಿನ ಭಾರೀ ಕ್ರೀಡಾಂಗಣಗಳು. ಲಕ್ಷ, ಕೋಟಿ ಡಾಲರುಗಳಲ್ಲಿ ಸಂಬಳ ಪಡೆಯುವ ಆಟಗಾರರು. ಅದೇ ಅಮೆರಿಕದ ಒಳನಾಡಿನಲ್ಲಿ, ಅಯೋವಾ, ಸೌತ್ ಡಕೋಟಾ, ಮೊಂಟಾನಾದಂಥ ರಾಜ್ಯಗಳ ಸಣ್ಣ ನಗರಗಳಲ್ಲಿ, ಬೇರೊಂದು ಬಗೆಯ ಬೇಸ್‌ಬಾಲ್ ಬದುಕಿಕೊಂಡಿದೆ. ಅಲ್ಲಿನ ಆಟಗಾರರೂ ಸಂಬಳಕ್ಕೇ ಆಡುತ್ತಾರೆ, ಆದ್ದರಿಂದ ಅದು ವೃತ್ತಿಪರ ಆಟವೇ. ಆದರೆ ಅವರ ತಂಡಕ್ಕೂ ಮಹಾನಗರದ ಯಾವ ದೊಡ್ಡ ತಂಡಕ್ಕೂ ಲೇವಾದೇವಿಯ ಸಂಬಂಧವಿಲ್ಲ. ಇದನ್ನು ಅಲ್ಲಿಯವರು ಸ್ವತಂತ್ರ ಬೇಸ್‌ಬಾಲ್ ಎಂದು ಕರೆಯುತ್ತಾರೆ.

ಸ್ವತಂತ್ರ ಎಂದರೆ ಯಾರಿಂದ ಸ್ವತಂತ್ರ? ಈ ಪ್ರಶ್ನೆಗೆ ಉತ್ತರ ಹುಡುಕಹೊರಟರೆ ನೂರು ವರ್ಷಕ್ಕೂ ಮಿಕ್ಕಿದ ಒಂದು ಜಗಳದ ಕಥೆ ತೆರೆದುಕೊಳ್ಳುತ್ತದೆ. ಊರಿನ ಹೆಸರು ಹೊತ್ತು, ಊರಿನ ಮೈದಾನದಲ್ಲಿ, ಊರಿನವರ ಚಪ್ಪಾಳೆಗೆ ಆಡುವ ತಂಡ ನಿಜವಾಗಿ ಯಾರದು? ದುಡ್ಡು ಹಾಕಿದವರದೇ, ಆಟಗಾರರದೇ, ಅಥವಾ ಪ್ರತಿ ಸಂಜೆ ಟಿಕೆಟ್ ಕೊಂಡು ಬಂದು ಕೂರುವವರದೇ? ಇಂದಿನ ಮಾತು ಈ ಪ್ರಶ್ನೆಯ ಸುತ್ತ.

ಕ್ರಿಕೆಟ್ ಬಲ್ಲವರಿಗೆ ಬೇಸ್‌ಬಾಲ್ ತೀರಾ ಅಪರಿಚಿತವಾಗಬೇಕಿಲ್ಲ. ಒಂಬತ್ತು ಮಂದಿಯ ಎರಡು ತಂಡಗಳು, ತಲಾ ಒಂಬತ್ತು ಸರದಿಗಳು. ಚೆಂಡೆಸೆಯುವವನಿಗೆ ಪಿಚರ್ ಎಂದು ಹೆಸರು. ಬಾರಿಸಿದವನು ನಾಲ್ಕು ಬೇಸ್‌ಗಳನ್ನೂ ಸುತ್ತಿ ಬಂದರೆ ಒಂದು ರನ್. ಚೆಂಡು ನೇರವಾಗಿ ಬೇಲಿ ದಾಟಿದರೆ ಅದು ಹೋಂ ರನ್. ಈ ಕಥೆಗೆ ಇಷ್ಟು ತಿಳಿದರೆ ಸಾಕು.

ಊರಿನ ಆಟ, ನಗರದ ನರ್ಸರಿ

ಸಂಪೂರ್ಣ ವೃತ್ತಿಪರವೆಂದು ಬಹಿರಂಗವಾಗಿ ಹೇಳಿಕೊಂಡ ಮೊದಲ ತಂಡ 1869ರ ಸಿನ್ಸಿನಾಟಿ ರೆಡ್ ಸ್ಟಾಕಿಂಗ್ಸ್. 1876ರಲ್ಲಿ ದೊಡ್ಡ ನಗರಗಳು ಸೇರಿ ನ್ಯಾಷನಲ್ ಲೀಗ್ ಕಟ್ಟಿಕೊಂಡವು. ಸಣ್ಣ ಊರುಗಳೂ ತಮ್ಮ ತಮ್ಮ ಲೀಗ್‌ಗಳನ್ನು ಕಟ್ಟಿಕೊಂಡವು. ರೈಲುಮಾರ್ಗ ಹಾದುಹೋದ ಕಡೆಗಳಲ್ಲೆಲ್ಲ ಒಂದು ತಂಡ ಹುಟ್ಟುತ್ತಿತ್ತು ಎಂದರೆ ಅತಿಶಯೋಕ್ತಿಯಾಗಲಾರದು. ಊರಿನ ವರ್ತಕರೋ ಹೋಟೆಲ್ ಮಾಲೀಕರೋ ಬಂಡವಾಳ ಹಾಕುತ್ತಿದ್ದರು. ಒಳ್ಳೆಯ ಆಟಗಾರನೊಬ್ಬ ಸಿಕ್ಕರೆ ಅವನನ್ನು ದೊಡ್ಡ ತಂಡಕ್ಕೆ ಮಾರಿ ಬಂದ ಹಣದಲ್ಲಿ ಮುಂದಿನ ವರ್ಷದ ಖರ್ಚು ನಿಭಾಯಿಸುತ್ತಿದ್ದರು. 1901ರಲ್ಲಿ ಈ ಸಣ್ಣ ಲೀಗ್‌ಗಳು ಷಿಕಾಗೋದಲ್ಲಿ ಸಭೆ ಸೇರಿ ತಮ್ಮದೊಂದು ರಾಷ್ಟ್ರೀಯ ಸಂಘವನ್ನು ಸ್ಥಾಪಿಸಿಕೊಂಡಾಗ ಅವುಗಳ ಮುಖ್ಯ ಉದ್ದೇಶ, ದೊಡ್ಡ ತಂಡಗಳು ತಮ್ಮ ಆಟಗಾರರನ್ನು ಪುಕ್ಕಟೆಯಾಗಿ ಎತ್ತಿಕೊಂಡು ಹೋಗದಂತೆ ನೋಡಿಕೊಳ್ಳುವುದೇ ಆಗಿತ್ತು.

ಈ ವ್ಯವಸ್ಥೆಯನ್ನು ತಲೆಕೆಳಗು ಮಾಡಿದವರು ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡದ ಆಡಳಿತಗಾರ ಬ್ರಾಂಚ್ ರಿಕಿ. ಮುಂದೆ 1945ರಲ್ಲಿ ಜಾಕಿ ರಾಬಿನ್‌ಸನ್ ಅವರೊಡನೆ ಕರಾರು ಮಾಡಿಕೊಂಡು ಬೇಸ್‌ಬಾಲಿನ ವರ್ಣಭೇದದ ಗೋಡೆಯನ್ನು ಒಡೆದ ಕೀರ್ತಿಯೂ ಇವರದೇ. ಕಾರ್ಡಿನಲ್ಸ್ ಬಳಿ ಸಿರಿವಂತ ತಂಡಗಳಂತೆ ಆಟಗಾರರನ್ನು ಕೊಳ್ಳಲು ಹಣವಿರಲಿಲ್ಲ. ಕೊಳ್ಳಲಾಗದ ಮೇಲೆ ಬೆಳೆದುಕೊಳ್ಳೋಣ ಎಂದು ರಿಕಿ ಲೆಕ್ಕ ಹಾಕಿದರು. 1920ರ ದಶಕದಿಂದ ಸಣ್ಣ ಊರುಗಳ ತಂಡಗಳನ್ನೇ ಒಂದೊಂದಾಗಿ ಕೊಂಡು, ಇಲ್ಲವೇ ಒಪ್ಪಂದದಲ್ಲಿ ಕಟ್ಟಿಹಾಕಿ, ಎಳೆಯ ಆಟಗಾರರನ್ನು ಅಲ್ಲಿ ಪಳಗಿಸಿ, ಮಾಗಿದವರನ್ನು ಸೇಂಟ್ ಲೂಯಿಸ್‌ಗೆ ಕರೆಸಿಕೊಳ್ಳತೊಡಗಿದರು. ಇದಕ್ಕೆ ಬಿದ್ದ ಹೆಸರೇ ಫಾರ್ಮ್ ಪದ್ಧತಿ, ಅಂದರೆ ತೋಟದ ಪದ್ಧತಿ. 1940ರ ಹೊತ್ತಿಗೆ ಕಾರ್ಡಿನಲ್ಸ್ ಹಿಡಿತದಲ್ಲಿ ಮೂವತ್ತರಷ್ಟು ತಂಡಗಳಿದ್ದವು.

ಇದರಲ್ಲಿ ಅಡಗಿದ್ದ ಅಪಾಯವನ್ನು ಆಗಿನ ಬೇಸ್‌ಬಾಲ್ ಆಯುಕ್ತ, ನ್ಯಾಯಾಧೀಶ ಕೆನೆಸಾ ಲ್ಯಾಂಡಿಸ್ ಗುರುತಿಸಿದ್ದರು. ಒಂದೇ ಲೀಗಿನಲ್ಲಿ ಪರಸ್ಪರ ಸೆಣಸುವ ಎರಡು ತಂಡಗಳ ಸೂತ್ರವೂ ಒಬ್ಬನೇ ಮಾಲೀಕನ ಕೈಯಲ್ಲಿದ್ದರೆ, ಅಲ್ಲಿ ಸ್ಪರ್ಧೆ ಎಂಬುದಕ್ಕೆ ಅರ್ಥವೇನು? 1938ರಲ್ಲಿ ಲ್ಯಾಂಡಿಸ್ ಕಾರ್ಡಿನಲ್ಸ್ ಹಿಡಿತದಲ್ಲಿದ್ದ ಎಪ್ಪತ್ತಕ್ಕೂ ಹೆಚ್ಚು ಆಟಗಾರರನ್ನು ಕರಾರಿನಿಂದ ಬಿಡುಗಡೆ ಮಾಡಿದರು. ಆದರೆ ಪದ್ಧತಿ ನಿಲ್ಲಲಿಲ್ಲ. ಕಾರ್ಡಿನಲ್ಸ್ ಗೆಲ್ಲುತ್ತಿರುವುದನ್ನು ಕಂಡ ಉಳಿದ ದೊಡ್ಡ ತಂಡಗಳೂ ಅದೇ ದಾರಿ ಹಿಡಿದವು.

ಕಾನೂನಿನ ಬೆಂಬಲವೂ ದೊಡ್ಡವರ ಕಡೆಗೇ ಇತ್ತು. 1922ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ, ನ್ಯಾಯಮೂರ್ತಿ ಆಲಿವರ್ ವೆಂಡೆಲ್ ಹೋಮ್ಸ್ ಬರೆದ ತೀರ್ಪಿನಲ್ಲಿ, ಬೇಸ್‌ಬಾಲ್ ಪ್ರದರ್ಶನವು ಅಂತರರಾಜ್ಯ ವಾಣಿಜ್ಯವಲ್ಲವೆಂದೂ, ಏಕಸ್ವಾಮ್ಯವನ್ನು ತಡೆಯುವ ಕಾನೂನು ಅದಕ್ಕೆ ಅನ್ವಯಿಸದೆಂದೂ ಹೇಳಿತು. ಇಂಥ ರಿಯಾಯಿತಿ ಅಲ್ಲಿನ ಬೇರೆ ಯಾವ ವೃತ್ತಿಪರ ಕ್ರೀಡೆಗೂ ದೊರೆಯಲಿಲ್ಲ. ಊರುಗಳನ್ನು ಹಂಚಿಕೊಂಡು, ಒಬ್ಬರ ಗಡಿಯೊಳಗೆ ಇನ್ನೊಬ್ಬರು ಕಾಲಿಡದಂತೆ ಒಪ್ಪಂದ ಮಾಡಿಕೊಳ್ಳಲು ಬೇಸ್‌ಬಾಲ್ ಒಡೆಯರಿಗೆ ಹೀಗೆ ಧೈರ್ಯ ಬಂತು.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಸಣ್ಣ ಊರಿನ ಬೇಸ್‌ಬಾಲ್ ಉಚ್ಛ್ರಾಯ ಕಂಡಿತು. 1949ರಲ್ಲಿ 59 ಮೈನರ್ ಲೀಗ್‌ಗಳಿದ್ದವು. ವರ್ಷಕ್ಕೆ ಸುಮಾರು ನಾಲ್ಕು ಕೋಟಿ ಜನ ಆಟ ನೋಡಿದರು. ಆಮೇಲಿನ ಕುಸಿತ ಅಷ್ಟೇ ಕಡಿದಾದದ್ದು. ಟೆಲಿವಿಷನ್ ಬಂದು ಮಹಾನಗರದ ಆಟವನ್ನು ಮನೆಯ ಪಡಸಾಲೆಗೇ ತಂದು ಹಾಕಿತು. ಹವಾನಿಯಂತ್ರಣ ಬಂದ ಮೇಲೆ ಸೆಕೆಗೆ ಬೇಸತ್ತು ಸಂಜೆ ಮೈದಾನಕ್ಕೆ ಹೋಗುವ ಅಗತ್ಯವೂ ಉಳಿಯಲಿಲ್ಲ. 1960ರ ದಶಕದ ಆರಂಭಕ್ಕೆ ಲೀಗ್‌ಗಳ ಸಂಖ್ಯೆ ಇಪ್ಪತ್ತರ ಆಸುಪಾಸಿಗೆ ಇಳಿಯಿತು. ಉಳಿದವು ಉಳಿದದ್ದು ದೊಡ್ಡ ತಂಡಗಳು ಆಟಗಾರರ ಸಂಬಳದ ಹೊಣೆ ಹೊತ್ತ ಕಾರಣದಿಂದ. ಸಂಬಳ ಕೊಡುವವನೇ ಯಜಮಾನ ಎಂಬುದು ಎಲ್ಲ ಕಡೆಯ ನಿಯಮ.

ಇದರ ಪರಿಣಾಮವನ್ನು ಒಂದು ಉದಾಹರಣೆಯಿಂದ ಅರ್ಥಮಾಡಿಕೊಳ್ಳಬಹುದು. ಒಂದು ಜಿಲ್ಲೆಯ ಕ್ರಿಕೆಟ್ ತಂಡ ಫೈನಲ್ ತಲುಪಿದೆ ಎಂದಿಟ್ಟುಕೊಳ್ಳಿ. ಹಿಂದಿನ ರಾತ್ರಿ ರಾಜಧಾನಿಯಿಂದ ಒಂದು ಫೋನ್ ಬರುತ್ತದೆ: ನಿಮ್ಮ ಮುಖ್ಯ ಬ್ಯಾಟ್ಸ್‌ಮನ್ ನಮಗೆ ಬೇಕು, ಬೆಳಗಿನ ವಿಮಾನಕ್ಕೆ ಕಳಿಸಿ. ಕಳಿಸಲಾಗದು ಎನ್ನುವಂತಿಲ್ಲ, ಏಕೆಂದರೆ ಅವನು ಜಿಲ್ಲೆಯ ಆಟಗಾರನೇ ಅಲ್ಲ. ತರಬೇತುದಾರನೂ ರಾಜಧಾನಿಯವನೇ, ಯಾರು ಆಡಬೇಕು, ಬೌಲರ್ ಎಷ್ಟು ಚೆಂಡು ಎಸೆಯಬೇಕು ಎಂಬ ಆದೇಶವೂ ಅಲ್ಲಿಂದಲೇ. ಊರಿನವರು ಗೆಲುವಿಗಾಗಿ ಕೂಗುತ್ತಿರುತ್ತಾರೆ. ತಂಡ ನಡೆಸುವವರ ದೃಷ್ಟಿಯಲ್ಲಿ ಗೆಲುವು ಎರಡನೆಯ ಮಾತು, ಮೊದಲನೆಯದು ಮೇಲಿನ ತಂಡಕ್ಕೆ ಆಳು ತಯಾರು ಮಾಡುವುದು. ಅಮೆರಿಕದ ಮೈನರ್ ಲೀಗ್ ಊರುಗಳು ಬಹುಕಾಲ ಬದುಕಿದ್ದು ಈ ಏರ್ಪಾಡಿನಲ್ಲಿ.

ಪೋರ್ಟ್‌ಲೆಂಡಿನ ಪ್ರಯೋಗ

ಈ ಏರ್ಪಾಡಿನ ಹೊರಗೂ ವೃತ್ತಿಪರ ಬೇಸ್‌ಬಾಲ್ ಸಾಧ್ಯವೆಂದು 1970ರ ದಶಕದಲ್ಲಿ ತೋರಿಸಿಕೊಟ್ಟದ್ದು ಆರೆಗಾನ್ ರಾಜ್ಯದ ಪೋರ್ಟ್‌ಲೆಂಡ್ ನಗರ. ಅಲ್ಲಿ ಬಹುಕಾಲದಿಂದ ಆಡುತ್ತಿದ್ದ ಬೀವರ್ಸ್ ತಂಡ ನಷ್ಟದಿಂದಾಗಿ 1972ರ ನಂತರ ಸ್ಪೋಕೇನ್ ನಗರಕ್ಕೆ ಎದ್ದುಹೋಯಿತು. ಖಾಲಿ ಬಿದ್ದ ಮೈದಾನಕ್ಕೆ ಬಂದವರು ಬಿಂಗ್ ರಸೆಲ್, ‘ಬೊನಾಂಜಾ’ ಎಂಬ ಜನಪ್ರಿಯ ಟೆಲಿವಿಷನ್ ಧಾರಾವಾಹಿಯಲ್ಲಿ ಸಹಾಯಕ ಷೆರಿಫನ ಪಾತ್ರ ಮಾಡುತ್ತಿದ್ದ ನಟ, ಚಿತ್ರನಟ ಕರ್ಟ್ ರಸೆಲ್ ಅವರ ತಂದೆ. ಕಿರಿದಾದ ನಾರ್ತ್‌ವೆಸ್ಟ್ ಲೀಗಿನಲ್ಲಿ ಯಾವ ದೊಡ್ಡ ತಂಡದ ಹಂಗೂ ಇಲ್ಲದ ಮ್ಯಾವರಿಕ್ಸ್ ಎಂಬ ತಂಡವನ್ನು 1973ರಲ್ಲಿ ಅವರು ಕಟ್ಟಿದರು.

ಆಟಗಾರರು ಎಲ್ಲಿಂದ ಬರಬೇಕು? ರಸೆಲ್ ಎಲ್ಲರಿಗೂ ಮುಕ್ತವಾದ ಆಯ್ಕೆ ಶಿಬಿರ ಕರೆದರು. ಬೇರೆ ತಂಡಗಳು ಬೇಡವೆಂದು ಕೈಬಿಟ್ಟವರು, ವಯಸ್ಸಾಯಿತೆಂದು ಹೇಳಿಸಿಕೊಂಡವರು, ಯಾರ ಕಣ್ಣಿಗೂ ಬೀಳದೇ ಹೋದವರು ದೇಶದ ಮೂಲೆ ಮೂಲೆಗಳಿಂದ ಬಂದರು. ಬೇಸ್‌ಬಾಲಿನ ಒಳಮನೆಯ ಗುಟ್ಟುಗಳನ್ನು 1970ರಲ್ಲಿ ‘ಬಾಲ್ ಫೋರ್’ ಎಂಬ ಪುಸ್ತಕದಲ್ಲಿ ಬರೆದು ದೊಡ್ಡವರ ಕೋಪಕ್ಕೆ ತುತ್ತಾಗಿದ್ದ ಜಿಮ್ ಬೌಟನ್ ಕೂಡ ಅಲ್ಲಿ ಬಂದು ಚೆಂಡೆಸೆದರು. ಅಲ್ಲಿಂದ ಮುಂದೆ 1978ರಲ್ಲಿ ಅಟ್ಲಾಂಟಾ ತಂಡದ ಮೂಲಕ ಮೇಜರ್ ಲೀಗ್‌ಗೆ ಮರಳಿದರು. ದೊಡ್ಡ ತಂಡಗಳು ಆರಿಸಿ ಕಳಿಸಿದ ಹುಡುಗರನ್ನು ಈ ಕೈಬಿಟ್ಟವರ ತಂಡ ಮತ್ತೆ ಮತ್ತೆ ಸೋಲಿಸಿತು. 1977ರ ಋತುವಿನಲ್ಲಿ ಸುಮಾರು ಒಂದೂಕಾಲು ಲಕ್ಷ ಜನ ಮೈದಾನಕ್ಕೆ ಬಂದರು. ಆ ಮಟ್ಟದ ಲೀಗ್‌ಗಳಿಗೆ ಅದು ಆವರೆಗಿನ ದಾಖಲೆ.

ಆ ಯಶಸ್ಸೇ ತಂಡಕ್ಕೆ ಮುಳುವಾಯಿತು. ಪೋರ್ಟ್‌ಲೆಂಡಿನಲ್ಲಿ ಜನ ಸೇರುತ್ತಾರೆಂದು ಗೊತ್ತಾದೊಡನೆ ಮೇಲಿನ ದರ್ಜೆಯ ಪೆಸಿಫಿಕ್ ಕೋಸ್ಟ್ ಲೀಗ್ ಊರನ್ನು ಮರಳಿ ಕೇಳಿತು. ಮೇಲಿನ ಲೀಗ್ ಪರಿಹಾರ ಕೊಟ್ಟು ಕೆಳಗಿನದನ್ನು ಎಬ್ಬಿಸಬಹುದೆಂಬ ನಿಯಮವಿತ್ತು. 26 ಸಾವಿರ ಡಾಲರು ಕೊಡುತ್ತೇವೆಂದರು. ರಸೆಲ್ ಒಪ್ಪದೆ 2 ಲಕ್ಷ 6 ಸಾವಿರ ಕೇಳಿದರು; ವಿಷಯ ಪಂಚಾಯಿತಿಗೆ ಹೋಗಿ ಅಷ್ಟೂ ಹಣ ಅವರಿಗೆ ದಕ್ಕಿತು. ಆದರೆ ತಂಡ ಉಳಿಯಲಿಲ್ಲ. ಹಣಕ್ಕೆ ಸಂಬಂಧಿಸಿದ ನ್ಯಾಯ ಮಾಲೀಕನಿಗೆ ಸಿಕ್ಕಿತು. ಊರಿನವರು ತಮ್ಮ ತಂಡವೆಂದು ನಂಬಿದ್ದಕ್ಕೆ ಬೆಲೆ ಕಟ್ಟುವ ಪ್ರಶ್ನೆ ಆ ಪಂಚಾಯಿತಿಯ ಮುಂದೆ ಬರಲೇ ಇಲ್ಲ. ಮರೆತುಹೋದಂತಿದ್ದ ಈ ಕಥೆ 2014ರಲ್ಲಿ ಸಾಕ್ಷ್ಯಚಿತ್ರವೊಂದರ ಮೂಲಕ ಮತ್ತೆ ಬೆಳಕಿಗೆ ಬಂತು.

1993ರ ಬೇಸಿಗೆ

ಸ್ವತಂತ್ರ ಬೇಸ್‌ಬಾಲಿನ ಇಂದಿನ ರೂಪ ಹುಟ್ಟಿದ್ದು 1993ರಲ್ಲಿ. ಅದಕ್ಕೆ ಹಿನ್ನೆಲೆ 1990ರಲ್ಲಿ ಮೇಜರ್ ಮತ್ತು ಮೈನರ್ ಲೀಗ್‌ಗಳ ನಡುವೆ ಆದ ಹೊಸ ಒಪ್ಪಂದ. ಕ್ರೀಡಾಂಗಣಗಳಲ್ಲಿ ಇಂತಿಷ್ಟು ಆಸನ, ಇಂಥ ದೀಪ, ಆಟಗಾರರಿಗೆ ಇಷ್ಟು ದೊಡ್ಡ ಕೊಠಡಿ ಇರಲೇಬೇಕೆಂದು ಆ ಒಪ್ಪಂದ ವಿಧಿಸಿತು. ಹಳೆಯ ಮೈದಾನಗಳಿದ್ದ ಸಣ್ಣ ನಗರಗಳು ತೆರಿಗೆ ಹಣ ಸುರಿದು ಹೊಸದನ್ನು ಕಟ್ಟಬೇಕು, ಇಲ್ಲವೇ ತಂಡವನ್ನು ಕಳೆದುಕೊಳ್ಳಬೇಕು ಎಂಬ ಇಕ್ಕಟ್ಟಿಗೆ ಸಿಲುಕಿದವು. ಇನ್ನೊಂದೆಡೆ ಹಲವು ವರ್ಷಗಳಿಂದ ತಂಡವನ್ನೇ ಕಾಣದ ಊರುಗಳಿದ್ದವು. ಅಯೋವಾದ ಸೂ ಸಿಟಿಯಲ್ಲಿ 1960ರ ನಂತರ ವೃತ್ತಿಪರ ಬೇಸ್‌ಬಾಲ್ ಇರಲಿಲ್ಲ.

ಇದನ್ನು ಗಮನಿಸಿದವರು ಮೈಲ್ಸ್ ವೂಲ್ಫ್. ನಾರ್ತ್ ಕೆರೊಲಿನಾದ ಡರ್ಹಮ್ ಬುಲ್ಸ್ ಎಂಬ ಸಣ್ಣ ತಂಡವನ್ನು ಕೆಲವೇ ಸಾವಿರ ಡಾಲರಿಗೆ ಪಡೆದು, 1988ರ ‘ಬುಲ್ ಡರ್ಹಮ್’ ಚಲನಚಿತ್ರದಿಂದ ಅದು ಜಗತ್ಪ್ರಸಿದ್ಧವಾದ ಮೇಲೆ ದಶಲಕ್ಷಗಟ್ಟಲೆ ಡಾಲರಿಗೆ ಮಾರಿದ್ದ ಅನುಭವಿ. ಅವರ ನಾಯಕತ್ವದಲ್ಲಿ 1993ರಲ್ಲಿ ನಾರ್ದರ್ನ್ ಲೀಗ್ ಆರು ತಂಡಗಳೊಂದಿಗೆ ಶುರುವಾಯಿತು: ಸೇಂಟ್ ಪಾಲ್, ರೋಚೆಸ್ಟರ್, ಡುಲೂತ್-ಸುಪೀರಿಯರ್, ಸೂ ಸಿಟಿ, ಸೂ ಫಾಲ್ಸ್ ಮತ್ತು ಕೆನಡಾದ ಥಂಡರ್ ಬೇ. ಸೇಂಟ್ ಪಾಲ್ ಒಂದನ್ನು ಬಿಟ್ಟರೆ ಉಳಿದವು ಲಕ್ಷದ ಆಸುಪಾಸಿನ, ಇಲ್ಲವೇ ಅದಕ್ಕೂ ಕಡಿಮೆ ಜನಸಂಖ್ಯೆಯ ಊರುಗಳು. ಅದೇ ವರ್ಷ ಓಹಾಯೋ, ಕೆಂಟಕಿ, ವೆಸ್ಟ್ ವರ್ಜೀನಿಯಾಗಳ ಇನ್ನೂ ಚಿಕ್ಕ ಪಟ್ಟಣಗಳಲ್ಲಿ ಫ್ರಾಂಟಿಯರ್ ಲೀಗ್ ಕೂಡ ಹುಟ್ಟಿತು. ಅದರ ಎರಡು ತಂಡಗಳು ಮೊದಲ ವರ್ಷ ಮುಗಿಯುವ ಮುನ್ನವೇ ಬಾಗಿಲು ಹಾಕಿದವು. ಲೀಗ್ ಮಾತ್ರ ಉಳಿದುಕೊಂಡಿತು.

ಹೊಸ ಲೀಗಿನ ಕಟ್ಟುಪಾಡುಗಳಲ್ಲಿ ವ್ಯವಹಾರ ಜ್ಞಾನವಿತ್ತು. ಯಾವ ತಂಡವೂ ಸಂಬಳಕ್ಕೆ ನಿಗದಿಯಾದ ಮಿತಿಯನ್ನು ಮೀರುವಂತಿಲ್ಲ. ಹಣವಂತ ಊರು ಬಡ ಊರನ್ನು ತುಳಿಯದಿರಲೆಂದು ಈ ನಿಯಮ. ಪ್ರತಿ ತಂಡದಲ್ಲೂ ಇಂತಿಷ್ಟು ಮಂದಿ ಹೊಸಬರು ಇರಲೇಬೇಕು. ಹಳೆಯ ಹುಲಿಗಳ ಸಂಖ್ಯೆಗೂ ಮಿತಿ. ಬೇಸಿಗೆ ಶಾಲಾರಜೆಯ ಜೊತೆಗೇ ಮುಗಿಯುವ ಚಿಕ್ಕ ಋತು. ಎಲ್ಲಕ್ಕಿಂತ ಮುಖ್ಯವಾಗಿ, ಆಟಗಾರ ತಂಡದವನು, ತರಬೇತುದಾರ ತಂಡದವನು, ಪಂದ್ಯ ಗೆಲ್ಲುವುದೇ ಕೆಲಸ. ದೊಡ್ಡ ತಂಡವೊಂದು ಆಟಗಾರನನ್ನು ಬಯಸಿದರೆ ಕರಾರಿನ ಬೆಲೆ ಕೊಟ್ಟು ಕೊಳ್ಳಬೇಕು. 1901ರ ಹಿಂದಿನ ಕಾಲದ ವ್ಯವಹಾರ ಹೀಗೆ ಹೊಸ ರೂಪದಲ್ಲಿ ಮರಳಿ ಬಂತು.

ಹಂದಿಮರಿ, ರೈಲು ಮತ್ತು ನಗು

ಆರರಲ್ಲಿ ಅತ್ಯಂತ ಹೆಸರು ಮಾಡಿದ್ದು ಸೇಂಟ್ ಪಾಲ್ ಸೇಂಟ್ಸ್. ಪಕ್ಕದ ಮಿನಿಯಾಪೊಲಿಸ್ ನಗರದಲ್ಲಿಯೇ ಮೇಜರ್ ಲೀಗಿನ ಮಿನೆಸೋಟ ಟ್ವಿನ್ಸ್ ತಂಡವಿತ್ತು. ಹಳೆಯ ಒಪ್ಪಂದದ ಪ್ರಕಾರ ಅದರ ಗಡಿಯೊಳಗೆ ಬೇರೊಂದು ತಂಡ ಬರುವಂತಿರಲಿಲ್ಲ. ಸ್ವತಂತ್ರ ಲೀಗ್ ಆ ಒಪ್ಪಂದಕ್ಕೆ ಸಹಿ ಹಾಕಿರಲಿಲ್ಲವಾದ್ದರಿಂದ ಅದಕ್ಕೆ ಯಾವ ಗಡಿಯ ಅಡ್ಡಿಯೂ ಇರಲಿಲ್ಲ. ಟ್ವಿನ್ಸ್ ಆಗ ಛಾವಣಿ ಮುಚ್ಚಿದ, ಕೃತಕ ಹುಲ್ಲು ಹಾಸಿದ ಮೆಟ್ರೋಡೋಮ್‌ನಲ್ಲಿ ಆಡುತ್ತಿತ್ತು. ಸೇಂಟ್ಸ್ ಆಡಿದ್ದು ರೈಲು ಹಳಿಯ ಪಕ್ಕದ, ಆರು ಸಾವಿರ ಚಿಲ್ಲರೆ ಆಸನಗಳ ಮಿಡ್‌ವೇ ಮೈದಾನದಲ್ಲಿ, ಬಯಲಿನಲ್ಲಿ, ನಿಜವಾದ ಹುಲ್ಲಿನ ಮೇಲೆ.

ಅದರ ಸೂತ್ರಧಾರ ಮೈಕ್ ವೀಕ್. ತಂದೆ ಬಿಲ್ ವೀಕ್ ಬೇಸ್‌ಬಾಲಿನ ಪ್ರಚಂಡ ಪ್ರಚಾರಕ. 1979ರ ಜುಲೈ 12ರಂದು ತಂದೆಯ ಷಿಕಾಗೋ ತಂಡದ ಮೈದಾನದಲ್ಲಿ ಡಿಸ್ಕೋ ಸಂಗೀತದ ಗ್ರಾಮಫೋನ್ ತಟ್ಟೆಗಳನ್ನು ಸಿಡಿಸುವ ಕಾರ್ಯಕ್ರಮವನ್ನು ಮಗ ಏರ್ಪಡಿಸಿದಾಗ ಜನ ಮೈದಾನಕ್ಕೆ ನುಗ್ಗಿ, ಎರಡನೆಯ ಪಂದ್ಯವನ್ನೇ ಎದುರಾಳಿಗೆ ಬಿಟ್ಟುಕೊಡಬೇಕಾಯಿತು. ಆಮೇಲೆ ವರ್ಷಗಟ್ಟಲೆ ಬೇಸ್‌ಬಾಲಿನಲ್ಲಿ ಕೆಲಸ ಸಿಗದಿದ್ದ ಈ ಮನುಷ್ಯನಿಗೂ ಸ್ವತಂತ್ರ ಲೀಗ್ ಎರಡನೆಯ ಅವಕಾಶವಾಯಿತು. ಅವರ ಮೈದಾನದಲ್ಲಿ ಅಂಪೈರಿಗೆ ಚೆಂಡು ತಂದುಕೊಡುವುದು ಹಂದಿಮರಿ. ಪ್ರೇಕ್ಷಕರ ನಡುವೆಯೇ ಕ್ಷೌರದ ಕುರ್ಚಿ. ಕ್ರೈಸ್ತ ಸನ್ಯಾಸಿನಿಯೊಬ್ಬರು ಬೆನ್ನು, ಕುತ್ತಿಗೆ ಮಾಲೀಸು ಮಾಡಿಕೊಡುತ್ತಿದ್ದರು. ಇವೆಲ್ಲ ಗಿಮಿಕ್ಕುಗಳೆಂದು ಮೂಗು ಮುರಿದವರೂ ಇದ್ದರು. ಆದರೆ ನಾಲ್ಕು ಜನರ ಸಂಸಾರ ದೊಡ್ಡ ಖರ್ಚಿಲ್ಲದೆ ಒಂದು ಸಂಜೆ ಕಳೆಯಬಲ್ಲ ಜಾಗ ಅದಾಗಿತ್ತು. ಮೊದಲ ವರ್ಷವೇ ತಂಡ ಲೀಗ್ ಪ್ರಶಸ್ತಿಯನ್ನೂ ಗೆದ್ದಿತು.

ನಗುವಿನ ಹಿಂದೆ ಗಂಭೀರವಾದ ಕೆಲಸವೂ ನಡೆಯಿತು. ಮಾದಕ ವಸ್ತುವಿನ ವ್ಯಸನದಿಂದ ಹೆಸರು ಕೆಡಿಸಿಕೊಂಡಿದ್ದ ಡ್ಯಾರಿಲ್ ಸ್ಟ್ರಾಬೆರಿ 1996ರಲ್ಲಿ ಸೇಂಟ್ಸ್ ಪರ ಆಡಿ, ಅದೇ ವರ್ಷ ನ್ಯೂಯಾರ್ಕ್ ಯಾಂಕೀಸ್ ಸೇರಿ ವಿಶ್ವ ಸರಣಿ ಗೆದ್ದ ತಂಡದಲ್ಲಿದ್ದರು. 1997ರ ಮೇ 31ರಂದು ಐಲಾ ಬಾರ್ಡರ್ಸ್ ಎಂಬ ಯುವತಿ ಸೇಂಟ್ಸ್ ಪರವಾಗಿ ಚೆಂಡೆಸೆದರು. 1950ರ ದಶಕದಲ್ಲಿ ಕಪ್ಪು ಜನರ ಲೀಗಿನಲ್ಲಿ ಆಡಿದ ಮೇಮಿ ಜಾನ್‌ಸನ್ ಅವರ ನಂತರ ಪುರುಷರ ವೃತ್ತಿಪರ ಲೀಗಿನ ಋತುವಿನಲ್ಲಿ ಚೆಂಡೆಸೆದ ಮೊದಲ ಮಹಿಳೆ ಅವರು. 1998ರ ಜುಲೈನಲ್ಲಿ ಡುಲೂತ್ ತಂಡದಲ್ಲಿದ್ದಾಗ ಪಂದ್ಯವೊಂದರ ಗೆಲುವಿನ ಶ್ರೇಯಸ್ಸೂ ಅವರ ಹೆಸರಿಗೆ ಬಂತು. ದೊಡ್ಡ ತಂಡಗಳ ಶಾಖೆಗಳಲ್ಲಿ ಪ್ರತಿ ಸ್ಥಾನವೂ ಯಾರದೋ ಭವಿಷ್ಯದ ಲೆಕ್ಕಾಚಾರಕ್ಕೆ ಮೀಸಲು. ಲೆಕ್ಕಕ್ಕೆ ಬಾರದವರಿಗೆ ಸ್ಥಳವಿದ್ದದ್ದು ಇಲ್ಲಿ.

ಆಟಗಾರರ ಪಾಲು

ಸ್ವತಂತ್ರ ಲೀಗಿನ ಆಟಗಾರ ಹೇಗೆ ಬದುಕುತ್ತಾನೆ? ಸಂಬಳ ತಿಂಗಳಿಗೆ ಕೆಲವು ನೂರು ಡಾಲರುಗಳಿಂದ ಹಿಡಿದು ಎರಡು ಮೂರು ಸಾವಿರದವರೆಗೆ, ಅದೂ ಋತುವಿದ್ದಷ್ಟು ದಿನ ಮಾತ್ರ. ಉಳಿದ ತಿಂಗಳುಗಳಲ್ಲಿ ಬೇರೆ ದುಡಿಮೆ. ಒಂದೂರಿಂದ ಇನ್ನೊಂದೂರಿಗೆ ರಾತ್ರಿಯಿಡೀ ಬಸ್ಸು. ಬಾಡಿಗೆ ಮನೆ ಹಿಡಿಯಲು ಈ ಸಂಬಳ ಸಾಲದ ಕಾರಣ ಊರಿನ ಸಂಸಾರಗಳೇ ಆಟಗಾರರನ್ನು ಮನೆಯಲ್ಲಿ ಇಟ್ಟುಕೊಳ್ಳುವ ರೂಢಿ ಬೆಳೆಯಿತು. ಬೇಸಿಗೆಯುದ್ದಕ್ಕೂ ಒಬ್ಬ ಅಪರಿಚಿತ ಹುಡುಗನಿಗೆ ಕೋಣೆ ಕೊಟ್ಟು, ಊಟವಿಟ್ಟು, ಸಂಜೆ ಅವನ ಆಟಕ್ಕೆ ಹೋಗಿ ಕೂರುವ ಮನೆಗಳು ಈ ಊರುಗಳಲ್ಲಿ ಸಾಮಾನ್ಯ. ಮೈದಾನದಲ್ಲಿ ಕೂತವರಿಗೆ ಆಟಗಾರ ಬರಿಯ ಹೆಸರಾಗಿ ಉಳಿಯದಿರಲು ಇದೂ ಒಂದು ಕಾರಣ.

ಡೇನಿಯಲ್ ನಾವಾ ಅವರ ಕಥೆ ಇಲ್ಲಿ ಮತ್ತೆ ಮತ್ತೆ ಹೇಳಲ್ಪಡುತ್ತದೆ. ಕಾಲೇಜು ತಂಡದಲ್ಲಿ ಸ್ಥಾನ ಸಿಗದೆ ಅದೇ ತಂಡದ ಬಟ್ಟೆಬರೆ, ಸಾಮಾನು ನೋಡಿಕೊಂಡಿದ್ದ ಹುಡುಗ. ಯಾವ ದೊಡ್ಡ ತಂಡವೂ ಆರಿಸಲಿಲ್ಲ. ಕ್ಯಾಲಿಫೋರ್ನಿಯಾದ ಚೀಕೋ ಊರಿನ ಸ್ವತಂತ್ರ ತಂಡವೂ ಮೊದಲು ಬೇಡವೆಂದಿತು. 2007ರಲ್ಲಿ ಅಲ್ಲಿಯೇ ಆಡಿ ಮಿಂಚಿದರು. ಬಾಸ್ಟನ್ ರೆಡ್ ಸಾಕ್ಸ್ ಅವರ ಕರಾರನ್ನು ಆರಂಭದಲ್ಲಿ ಕೊಂಡದ್ದು ಒಂದೇ ಡಾಲರಿಗೆ. 2010ರ ಜೂನ್ 12ರಂದು ಮೇಜರ್ ಲೀಗಿನಲ್ಲಿ ತಾವು ಎದುರಿಸಿದ ಮೊದಲ ಚೆಂಡನ್ನೇ, ಮೂರು ಬೇಸ್‌ಗಳಲ್ಲೂ ಜೊತೆಗಾರರಿದ್ದಾಗ, ಹೋಂ ರನ್ನಿಗೆ ಬಾರಿಸಿದರು. ಮಸಾಚುಸೆಟ್ಸ್‌ನ ವೂಸ್ಟರ್ ನಗರದ ತಂಡದಲ್ಲಿ ಏಳು ಋತುಗಳನ್ನು ಕಳೆದ ಕ್ರಿಸ್ ಕೊಲಬೆಲೋ 2013ರಲ್ಲಿ ಮಿನೆಸೋಟ ಟ್ವಿನ್ಸ್ ತಲುಪಿದರು.

ಆದರೆ ಇಂಥವರು ಬೆರಳೆಣಿಕೆಯಷ್ಟು. ಬಹುಪಾಲು ಆಟಗಾರರು ಎರಡು ಮೂರು ಬೇಸಿಗೆ ಆಡಿ, ದೂರವಾಣಿ ಕರೆಗಾಗಿ ಕಾದು, ಬ್ಯಾಟು ಮೂಲೆಗಿಟ್ಟು ಬೇರೆ ಉದ್ಯೋಗ ಹಿಡಿಯುತ್ತಾರೆ. ಅವರ ಆಸೆಯೇ ಈ ಉದ್ಯಮದ ಅಗ್ಗದ ಇಂಧನ ಎಂಬ ಟೀಕೆಯನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಊರು ಸ್ವತಂತ್ರವಾಯಿತು ನಿಜ. ಆಟಗಾರನ ಬಡತನ ಮಾತ್ರ ಎರಡೂ ವ್ಯವಸ್ಥೆಗಳಲ್ಲಿ ಹೆಚ್ಚುಕಡಿಮೆ ಒಂದೇ ಆಗಿತ್ತು. ದೊಡ್ಡ ತಂಡಗಳ ಶಾಖೆಗಳಲ್ಲಿ ದುಡಿದವರು ಕನಿಷ್ಠ ಕೂಲಿಗಾಗಿ ಹೂಡಿದ ಮೊಕದ್ದಮೆ 2022ರಲ್ಲಿ 18 ಕೋಟಿ 50 ಲಕ್ಷ ಡಾಲರುಗಳ ರಾಜಿಯಲ್ಲಿ ಮುಗಿಯಿತು. ಸ್ವತಂತ್ರ ಲೀಗಿನ ಆಟಗಾರನಿಗೆ ಮೊಕದ್ದಮೆ ಹೂಡಿ ವಸೂಲು ಮಾಡಲು ಅಂಥ ಸಿರಿವಂತ ಯಜಮಾನನೂ ಇಲ್ಲ.

ಊರಿನ ಲೆಕ್ಕ

ತಂಡಗಳ ಆಯುಸ್ಸೂ ಗಟ್ಟಿಯಲ್ಲ. ನಾರ್ದರ್ನ್ ಲೀಗ್ 2010ರ ಋತುವಿನೊಂದಿಗೆ ಮುಗಿಯಿತು. ಕೊಲಬೆಲೋ ಆಡಿದ್ದ ವೂಸ್ಟರ್ ತಂಡ 2012ರಲ್ಲಿ ಕೊನೆಗೊಂಡಿತು. ಟಿಕೆಟ್ಟು, ತಿಂಡಿ, ಬಿಯರು, ಸ್ಥಳೀಯ ಅಂಗಡಿಗಳ ಜಾಹೀರಾತು, ಇವಿಷ್ಟೇ ವರಮಾನ. ಸತತ ಮಳೆ ಬಂದ ಒಂದು ಬೇಸಿಗೆ ಸಾಕು ಲೆಕ್ಕ ತಪ್ಪಲು.

ಹೀಗಿರುವಾಗ ನಗರಸಭೆ ಸಾರ್ವಜನಿಕ ಹಣದಲ್ಲಿ ಕ್ರೀಡಾಂಗಣ ಕಟ್ಟಿಕೊಡುವುದು ಸರಿಯೇ? ಇಂಡಿಯಾನಾದ ಗ್ಯಾರಿ ಉಕ್ಕಿನ ಕಾರ್ಖಾನೆಗಳ ಊರು. 1960ರಲ್ಲಿ 1 ಲಕ್ಷ 78 ಸಾವಿರವಿದ್ದ ಜನಸಂಖ್ಯೆ, ಕಾರ್ಖಾನೆಗಳ ಕೆಲಸ ಕರಗಿದಂತೆ 2020ರ ಹೊತ್ತಿಗೆ 69 ಸಾವಿರಕ್ಕೆ ಇಳಿಯಿತು. ಆ ಊರು 2000ದ ದಶಕದ ಆರಂಭದಲ್ಲಿ ಸ್ವತಂತ್ರ ತಂಡವೊಂದಕ್ಕೆ ಹೊಸ ಕ್ರೀಡಾಂಗಣ ಕಟ್ಟಿಕೊಟ್ಟಿತು. ರಸ್ತೆ, ಶಾಲೆಗಳಿಗಿಲ್ಲದ ಹಣ ಆಟಕ್ಕೇಕೆ ಎಂಬ ಪ್ರಶ್ನೆ ಇಂಥ ಕಡೆ ಏಳುವುದು ಸಹಜ. ಕ್ರೀಡಾಂಗಣದಿಂದ ಊರಿನ ಆರ್ಥಿಕತೆ ಏಳುತ್ತದೆಂಬ ಭರವಸೆಯನ್ನು ಅರ್ಥಶಾಸ್ತ್ರಜ್ಞರು ಬಹುಮಟ್ಟಿಗೆ ಒಪ್ಪುವುದಿಲ್ಲ. ಜನ ಸಿನಿಮಾಕ್ಕೋ ಹೋಟೆಲಿಗೋ ಕೊಡುತ್ತಿದ್ದ ಹಣವನ್ನೇ ಆಟಕ್ಕೆ ಕೊಡುತ್ತಾರೆ ಎಂಬುದು ಅವರ ವಾದ. ಹಾಗಿದ್ದರೂ ಊರುಗಳು ತಂಡ ಬೇಕೆನ್ನುತ್ತವೆ. ಪೇಟೆಬೀದಿ ಬಣಗುಟ್ಟುವ ಊರಿನಲ್ಲಿ, ಬೇರೆ ಬೇರೆ ಬಣ್ಣ, ಕಸುಬು, ವಯಸ್ಸಿನ ಎರಡು ಮೂರು ಸಾವಿರ ಜನ ಒಂದೆಡೆ ಕೂತು ಒಂದೇ ಹೆಸರು ಕೂಗುವ ಸಂದರ್ಭ ಬೇರೆ ಯಾವುದಿದೆ?

ಒಂದು ಕಾಗದದ ಬೆಲೆ

ಇದರ ಮಹತ್ವ ಸ್ಪಷ್ಟವಾದದ್ದು 2020ರಲ್ಲಿ. ಕೋವಿಡ್‌ನಿಂದಾಗಿ ಆ ವರ್ಷ ಮೈನರ್ ಲೀಗ್ ಋತುವೇ ನಡೆಯಲಿಲ್ಲ. ಹಳೆಯ ಒಪ್ಪಂದದ ಅವಧಿಯೂ ಮುಗಿದಿತ್ತು. ಮೇಜರ್ ಲೀಗ್ ಮೈನರ್ ಲೀಗ್‌ಗಳ ಆಡಳಿತವನ್ನು ತಾನೇ ವಹಿಸಿಕೊಂಡು, ಶಾಖಾ ತಂಡಗಳನ್ನು 160ರಿಂದ 120ಕ್ಕೆ ಇಳಿಸಿತು. ಸುಮಾರು ನಲವತ್ತು ಊರುಗಳ ತಂಡಗಳು ಒಂದು ಕಾಗದದಲ್ಲಿ ಮಾಯವಾದವು. ದಶಕಗಳ ಕಾಲ ಟಿಕೆಟ್ ಕೊಂಡು ಬಂದವರಿಗೆ, ಆ ತಂಡ ಎಂದೂ ತಮ್ಮದಾಗಿರಲೇ ಇಲ್ಲ ಎಂಬುದು ಅಂದು ಮನವರಿಕೆಯಾಯಿತು.

ಕೆಲವೆಡೆ ಜನ ಸುಮ್ಮನಾಗಲಿಲ್ಲ. 1939ರಿಂದ ನಡೆದುಬಂದಿದ್ದ, ಮೊಂಟಾನಾ, ಐಡಾಹೋ, ಯೂಟಾ, ಕೊಲರಾಡೋ ಊರುಗಳ ಪಯೋನಿಯರ್ ಲೀಗ್ ಇಡಿಯಾಗಿ ಸ್ವತಂತ್ರವಾಗಿ ನಿಂತಿತು. 2021ರಿಂದ ಮಿಸೂಲಾ, ಬಿಲಿಂಗ್ಸ್, ಗ್ರೇಟ್ ಫಾಲ್ಸ್‌ನಂಥ ಊರುಗಳು ತಮ್ಮ ಆಟಗಾರರನ್ನು ತಾವೇ ಆರಿಸತೊಡಗಿದವು. ಪಂದ್ಯ ಸಮವಾದರೆ ಹೆಚ್ಚುವರಿ ಸರದಿಗಳ ಬದಲು ಹೋಂ ರನ್ ಬಾರಿಸುವ ಪೈಪೋಟಿಯಿಂದ ತೀರ್ಮಾನಿಸುವ ಹೊಸ ನಿಯಮವನ್ನೂ ತಂದವು.

ಇದೇ ಹೊತ್ತಿನಲ್ಲಿ ವಿರುದ್ಧ ದಿಕ್ಕಿನ ಪಯಣವೂ ನಡೆಯಿತು. ಸ್ವತಂತ್ರ ಬೇಸ್‌ಬಾಲಿನ ಧ್ವಜದಂತಿದ್ದ ಸೇಂಟ್ ಪಾಲ್ ಸೇಂಟ್ಸ್ 2021ರಲ್ಲಿ ಮಿನೆಸೋಟ ಟ್ವಿನ್ಸ್ ತಂಡದ ಅಧಿಕೃತ ಶಾಖೆಯಾಯಿತು. ಯಾರ ನೆರಳಿನಲ್ಲಿ ಸಡ್ಡು ಹೊಡೆದು ನಿಂತಿತ್ತೋ ಅವರ ಮನೆಗೇ ಸೊಸೆಯಾಗಿ ಹೋದಂತಾಯಿತು. ಭದ್ರತೆ ಸಿಕ್ಕಿತು. ಇನ್ನು ಮೇಲೆ ಅದರ ಒಳ್ಳೆಯ ಆಟಗಾರ ಯಾವ ರಾತ್ರಿ ಮಿನಿಯಾಪೊಲಿಸ್‌ಗೆ ಹೊರಡುತ್ತಾನೆಂದು ಹೇಳಬರುವುದಿಲ್ಲ.

ಪೂರ್ವ ಕರಾವಳಿಯ ಅಟ್ಲಾಂಟಿಕ್ ಲೀಗ್ ಹಿಡಿದದ್ದು ನಡುವಿನ ದಾರಿ. 2019ರಲ್ಲಿ ಮೇಜರ್ ಲೀಗ್ ಜೊತೆ ಒಪ್ಪಂದ ಮಾಡಿಕೊಂಡು ಅದು ಹೊಸ ನಿಯಮಗಳ ಪ್ರಯೋಗಶಾಲೆಯಾಯಿತು. ಆ ವರ್ಷದ ಜುಲೈ 10ರಂದು ಪೆನ್ಸಿಲ್ವೇನಿಯಾದ ಯಾರ್ಕ್ ನಗರದಲ್ಲಿ ಅಂಪೈರ್ ಕಿವಿಗೆ ಯಂತ್ರ ಸಿಕ್ಕಿಸಿಕೊಂಡು, ಕಂಪ್ಯೂಟರ್ ಹೇಳಿದ ತೀರ್ಪನ್ನು ಘೋಷಿಸಿದರು. ದೊಡ್ಡ ಅಳತೆಯ ಬೇಸ್‌ಗಳನ್ನೂ ಅಲ್ಲಿ ಪರೀಕ್ಷಿಸಲಾಯಿತು. 2023ರಲ್ಲಿ ಅವು ಮೇಜರ್ ಲೀಗ್‌ಗೆ ಬಂದವು. ಅಂಪೈರ್ ತೀರ್ಪನ್ನು ಯಂತ್ರದ ಮುಂದೆ ಪ್ರಶ್ನಿಸುವ ಪದ್ಧತಿಗೆ ಮೇಜರ್ ಲೀಗ್ 2025ರಲ್ಲಿ ಒಪ್ಪಿಗೆ ಕೊಟ್ಟಿತು. ಹಂಗಿಲ್ಲದ ತಂಡಗಳ ಮೈದಾನ ಹೀಗೆ ದೊಡ್ಡವರ ಪ್ರಯೋಗಕ್ಕೂ ಒದಗಿತು.

ಹಾಗಾದರೆ ಮೊದಲು ಕೇಳಿದ ಪ್ರಶ್ನೆಗೆ ಉತ್ತರವೇನು? ಕಾಗದದ ಮೇಲೆ ನೋಡಿದರೆ ಸ್ವತಂತ್ರ ತಂಡವೂ ಸಾಮಾನ್ಯವಾಗಿ ಒಬ್ಬ ಮಾಲೀಕನ ಸ್ವತ್ತೇ. ಅವನೂ ಮಾರಬಲ್ಲ, ಮುಚ್ಚಬಲ್ಲ. ವ್ಯತ್ಯಾಸವಿರುವುದು ಆ ಮಾಲೀಕ ಯಾರನ್ನು ಮೆಚ್ಚಿಸಬೇಕು ಎಂಬಲ್ಲಿ. ಶಾಖಾ ತಂಡದ ಆಟಗಾರರ ಸಂಬಳ ಮೇಲಿನಿಂದ ಬರುತ್ತದೆ, ಅದು ಮೇಲೆ ನೋಡುತ್ತದೆ. ಸ್ವತಂತ್ರ ತಂಡದ ಸಂಬಳ ಟಿಕೆಟ್ ಕಿಟಕಿಯಿಂದ ಬರುತ್ತದೆ, ಅದು ಊರನ್ನೇ ನೋಡಬೇಕು. ಊರು ಬಿಟ್ಟರೆ ಅದಕ್ಕೆ ಗತಿಯಿಲ್ಲ. ಅದರ ಬಲ, ದೌರ್ಬಲ್ಯ ಎರಡೂ ಅಲ್ಲೇ ಇದೆ.

1993ರ ಆರು ಊರುಗಳಲ್ಲಿ ರೋಚೆಸ್ಟರ್ ಒಂದೇ ವರ್ಷಕ್ಕೆ ತಂಡವನ್ನು ಕಳೆದುಕೊಂಡಿತು. ಥಂಡರ್ ಬೇ, ಡುಲೂತ್ ತಂಡಗಳು ಮುಂದಿನ ವರ್ಷಗಳಲ್ಲಿ ಬೇರೆ ಊರು ಸೇರಿದವು. ಸೇಂಟ್ ಪಾಲ್ ದೊಡ್ಡ ಮನೆ ಸೇರಿತು. ಸೂ ಸಿಟಿ ಮತ್ತು ಸೂ ಫಾಲ್ಸ್ ಮಾತ್ರ ಸ್ವತಂತ್ರವಾಗಿ ಉಳಿದವು. ಹಳೆಯ ಲೀಗ್ ಬಿಟ್ಟು 2006ರಲ್ಲಿ ಅಮೆರಿಕನ್ ಅಸೋಸಿಯೇಷನ್ ಎಂಬ ಹೊಸ ಲೀಗ್ ಸೇರಿ ಮುಂದುವರಿದವು. ಮೂವತ್ತು ವರ್ಷಕ್ಕೂ ಮಿಕ್ಕಿ ಈ ಎರಡು ಊರುಗಳು ತಮ್ಮ ತಂಡಕ್ಕೆ ಅನ್ನ ಹಾಕಿವೆ. ಒಡೆತನದ ಪತ್ರ ಯಾರ ಪೆಟ್ಟಿಗೆಯಲ್ಲೇ ಇರಲಿ, ಇಷ್ಟು ಕಾಲ ಸಾಕಿದವರಿಗೆ ತಂಡವನ್ನು ನಮ್ಮದು ಎನ್ನುವ ಹಕ್ಕು ಬೇರೆಲ್ಲರಿಗಿಂತ ಹೆಚ್ಚಾಗಿಯೇ ಇದೆ.